ಸೆಕೆಗೊಂದು ಹಾಡು, ಗಾಳಿಗೊಂದು ಆಟ

ಶಾಲೆಯ ಬಾಗಿಲಿಗೆ ಬೀಗ ಬಿತ್ತೆಂದರೆ ಮನೆಯಲ್ಲಿ ಗದ್ದಲ ಶುರುವಾಯಿತೆಂದೇ ಲೆಕ್ಕ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಸುಮಾರು ಏಳು ವಾರಗಳ ರಜೆ. ಪರೀಕ್ಷೆಯ ಜ್ವರ ಇಳಿದ ದೊಡ್ಡ ಮಕ್ಕಳಿಗೆ ಕ್ರಿಕೆಟ್ ಇದೆ, ಬೇಸಗೆ ಶಿಬಿರಗಳಿವೆ, ಅಜ್ಜಿ ಮನೆಗೆ ಒಬ್ಬರೇ ಬಸ್ಸು ಹತ್ತುವ ಧೈರ್ಯವೂ ಬಂದಿರುತ್ತದೆ. ಫಜೀತಿಯೆಲ್ಲ ಮೂರು, ನಾಲ್ಕು, ಐದು ವರ್ಷದ ಪುಟಾಣಿಗಳದ್ದು. ಹೊರಗೆ ಬಿಡೋಣವೆಂದರೆ ಬಿಸಿಲು, ಒಳಗೆ ಕೂರಿಸೋಣವೆಂದರೆ ಸೆಕೆ!

ಮಂಗಳೂರಿನ ಬೇಸಗೆಯೇ ಹಾಗೆ. ರಾಯಚೂರು, ಕಲಬುರಗಿಗಳಂತೆ ಇಲ್ಲಿ ಉಷ್ಣಾಂಶ ನಲವತ್ತರ ಮೇಲೆ ಏರಿ ಕೂರುವುದಿಲ್ಲ. ಆದರೆ ಕಡಲಿನ ತೇವ ಬೆರೆತ ಗಾಳಿ ಮೈಯ ಬೆವರನ್ನು ಆರಗೊಡುವುದಿಲ್ಲ. ದೊಡ್ಡವರಿಗೇ ಚಡಪಡಿಕೆ, ಇನ್ನು ಮಕ್ಕಳ ಪಾಡೇನು? ಕದ್ರಿ, ಬಿಜೈ, ಕಂಕನಾಡಿಯ ಫ್ಲ್ಯಾಟುಗಳಲ್ಲಿ ಅಂಗಳವೂ ಇಲ್ಲ, ಮಾವಿನ ಮರದ ನೆರಳೂ ಇಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಮಗುವಿನ ರಗಳೆ ತಡೆಯಲಾರದೆ ಮನೆಯವರು ಮೊಬೈಲನ್ನು ಅದರ ಕೈಗೆ ಕೊಡುತ್ತಾರೆ. ಅದರಲ್ಲಿ ಮಕ್ಕಳ ಹಾಡುಗಳಿಗೇನೂ ಬರವಿಲ್ಲ. ಬಣ್ಣದ ಗೊಂಬೆಗಳು ಕುಣಿಯುತ್ತವೆ, ಮಗು ಥಟ್ಟನೆ ಸುಮ್ಮನಾಗುತ್ತದೆ.

ಯೋಚಿಸಬೇಕಾದದ್ದು ಈ ಸುಮ್ಮನಾಗುವಿಕೆಯನ್ನೇ. ಹಾಡೆಂದರೆ ಮಗು ಬಾಯಿ ತೆರೆಯಬೇಕು, ಕೈ ತಟ್ಟಬೇಕು, ಸೊಂಟ ಕುಣಿಸಬೇಕು. ಕಣ್ಣು ಮಿಟುಕಿಸದೆ ಕೂತ ಮಗು ಹಾಡನ್ನು ನೋಡುತ್ತಿದೆಯೇ ಹೊರತು ಹಾಡುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಹೊರಡಿಸಿತು. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಲ್ಲದು. ಒಂದರಿಂದ ನಾಲ್ಕು ವರ್ಷದವರು ದಿನಕ್ಕೆ ಒಟ್ಟು 180 ನಿಮಿಷಗಳಾದರೂ ಓಡಿಯಾಡಬೇಕು ಎನ್ನುತ್ತದೆ ಅದು. ಸೆಕೆಯ ದಿನಗಳಲ್ಲಿ ಮೂರು ಗಂಟೆಯ ಓಡಾಟ ಎಲ್ಲಿಂದ ತರುವುದು ಎಂದು ತಂದೆತಾಯಿ ಕೇಳುವುದು ಸಹಜವೇ. ಉತ್ತರ ಹಾಡಿನಲ್ಲಿಯೇ ಇದೆ. ಆದರೆ ಕೇಳಿಸುವ ಹಾಡು ಸಾಲದು, ಜೊತೆಗೆ ಕೂತು ಹಾಡುವ ಹಾಡು ಬೇಕು.

ಜೊತೆಗೆ ಹಾಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಸೊಗಸಾದ ಪ್ರಯೋಗವಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ಹದಿನಾಲ್ಕು ತಿಂಗಳ ಶಿಶುಗಳನ್ನು ಸಂಗೀತಕ್ಕೆ ಸರಿಯಾಗಿ ಎತ್ತಿ ಕುಣಿಸಿದರು. ಎದುರಿಗೆ ನಿಂತ ಇನ್ನೊಬ್ಬರು ಕೆಲವು ಶಿಶುಗಳ ಕುಣಿತಕ್ಕೆ ಸರಿಯಾಗಿ ಕುಣಿದರು, ಕೆಲವರೆದುರು ತಾಳ ತಪ್ಪಿಸಿ ಕುಣಿದರು. ಆಮೇಲೆ ಆ ವ್ಯಕ್ತಿ ಬೇಕೆಂದೇ ಕೈಯಿಂದ ವಸ್ತುಗಳನ್ನು ಬೀಳಿಸಿದಾಗ, ತಾಳ ಕೂಡಿಸಿದವರಿಗೆ ಶಿಶುಗಳು ಹೆಚ್ಚು ಸಲ ಅದನ್ನು ಹೆಕ್ಕಿ ಕೊಟ್ಟವು. 2014ರಲ್ಲಿ ಪ್ರಕಟವಾದ ಈ ಸಂಶೋಧನೆ ಹೇಳುವುದಿಷ್ಟು: ಒಟ್ಟಿಗೆ ಕುಣಿದವರು ಮಗುವಿಗೆ ನಮ್ಮವರಾಗುತ್ತಾರೆ. ಇದನ್ನು ನಮ್ಮ ಅಜ್ಜಿಯರು ಮೊಮ್ಮಕ್ಕಳನ್ನು ಕಾಲ ಮೇಲೆ ಕೂರಿಸಿ ಆಡಿಸುವಾಗಲೇ ತಿಳಿದಿದ್ದರು.

ಪಂಜೆಯವರ ಊರಿನಲ್ಲಿ

ಮಕ್ಕಳ ಹಾಡಿಗಾಗಿ ಮಂಗಳೂರಿನವರು ದೂರ ಹೋಗಬೇಕಾಗಿಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಅಧ್ಯಾಪಕರಾಗಿದ್ದವರು. ಮುಂದೆ ಶಾಲಾ ಇನ್ಸ್‌ಪೆಕ್ಟರರಾಗಿ ಹಳ್ಳಿ ಹಳ್ಳಿಯ ಶಾಲೆಗಳನ್ನು ಸುತ್ತಿದರು. ಮಕ್ಕಳ ಪುಸ್ತಕಗಳಿಗಾಗಿಯೇ ಮಂಗಳೂರಿನಲ್ಲಿ 'ಬಾಲಸಾಹಿತ್ಯ ಮಂಡಲ'ವನ್ನು ಕಟ್ಟಿದರು. 'ಕವಿಶಿಷ್ಯ' ಎಂಬ ಹೆಸರಿನಲ್ಲಿಯೂ ಬರೆದ ಅವರು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1937ರಲ್ಲಿ ತೀರಿಕೊಂಡರು.

ಪಂಜೆಯವರ ಮಕ್ಕಳ ಪದ್ಯಗಳನ್ನು ಕಣ್ಣಿನಲ್ಲಿ ಓದಿದರೆ ಅರ್ಧವೇ ಸಿಕ್ಕೀತು. ಬಾಯಿಬಿಟ್ಟು ಹೇಳಿದಾಗ 'ಹಾವಿನ ಹಾಡು' ಹಾವಿನಂತೆಯೇ ಹರಿದಾಡುತ್ತದೆ. 'ತೆಂಕಣ ಗಾಳಿಯಾಟ'ದಲ್ಲಿ ಗಾಳಿ ದೂರದಿಂದ ಬುಸುಗುಡುತ್ತ ಹತ್ತಿರ ಬರುವುದು ಕಿವಿಗೆ ಕೇಳಿಸುತ್ತದೆ. 'ಉದಯರಾಗ'ದಲ್ಲಿ ಸೂರ್ಯ ಮೂಡುತ್ತಾನೆ. ವಸ್ತುವಿಗೂ ಹಾಡಿಗೂ ಇರುವ ಈ ನಂಟೇ ಪುಟ್ಟ ಮಕ್ಕಳಿಗೆ ಬೇಕಾದದ್ದು. ಮಗು ಗಾಳಿಯನ್ನು ಮುಖದ ಮೇಲೆ ಅನುಭವಿಸುತ್ತಿರುವಾಗ ಗಾಳಿಯ ಹಾಡು ಬರಲಿ, ಬಿಸಿಲು ಕಾಣುವಾಗ ಬಿಸಿಲಿನ ಹಾಡು ಬರಲಿ. ಆಗ ಪದಕ್ಕೆ ಅರ್ಥ ಹೇಳಿಕೊಡುವ ಕಷ್ಟವೇ ಇಲ್ಲ. ಬೇಸಗೆಯ ಒಂದು ದಿನವನ್ನು ಹೀಗೆ ಹಾಡು ಮತ್ತು ಆಟಗಳಿಂದ ಪೋಣಿಸಬಹುದು.

ಬೆಳಗ್ಗೆ ನೆರಳಿನ ಆಟ

ಬೆಳಗಿನ ಏಳರಿಂದ ಒಂಬತ್ತು ಗಂಟೆ ಮಕ್ಕಳನ್ನು ಹೊರಗೆ ಬಿಡಲು ಒಳ್ಳೆಯ ಹೊತ್ತು. ಸೂರ್ಯನ ಹಾಡು ಯಾವುದಾದರೂ ಸರಿ, ಪಂಜೆಯವರ 'ಉದಯರಾಗ'ವಾದರೆ ಮತ್ತೂ ಸರಿ. ಅದನ್ನು ಹಾಡುತ್ತ ಮಹಡಿಯ ಮೇಲೋ ಅಂಗಳದಲ್ಲೋ ನಿಲ್ಲಿ. ಮಗುವಿನ ನೆರಳು ಎಷ್ಟುದ್ದ ಬಿದ್ದಿದೆ ನೋಡಿ. ಸೀಮೆಸುಣ್ಣದಿಂದ ಅದರ ಸುತ್ತ ಗೆರೆ ಎಳೆಯಿರಿ. ಹತ್ತು ಗಂಟೆಗೆ ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ಗೆರೆ ಎಳೆದರೆ ನೆರಳು ಗಿಡ್ಡವಾಗಿ ಪಕ್ಕಕ್ಕೆ ಸರಿದಿರುತ್ತದೆ. "ನನ್ನ ನೆರಳನ್ನು ಯಾರು ಕಡಿದರು?" ಎಂದು ಮಗು ಕೇಳದೆ ಇರದು. ಆ ಪ್ರಶ್ನೆ ಹುಟ್ಟಿದರೆ ಅಂದಿನ ಪಾಠ ಮುಗಿದಂತೆಯೇ.

ಮಂಗಳೂರಿನ ಬೇಸಗೆಯಲ್ಲಿ ಈ ಆಟಕ್ಕೆ ಒಂದು ಹಬ್ಬದ ದಿನವೂ ಇದೆ. ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂವರೆಗೆ ಒಂದೆರಡು ನಿಮಿಷ ಮೊದಲು, ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಡಬ್ಬ ಅಥವಾ ಲೋಟದ ನೆರಳು ಅದರ ಬುಡದಲ್ಲಿಯೇ ಅಡಗಿಬಿಡುತ್ತದೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ಸಲ ಹೀಗಾಗುತ್ತದೆ. ಮಂಗಳೂರಿನಲ್ಲಿ ಎರಡನೆಯದು ಆಗಸ್ಟ್ ತಿಂಗಳ ಮೋಡದ ನಡುವೆ ಬರುವುದರಿಂದ ಕಾಣುವ ಅದೃಷ್ಟ ಕಡಿಮೆ. ಹೈಸ್ಕೂಲಿನ ಅಣ್ಣ, ಅಕ್ಕಂದಿರು ತಮ್ಮ ಭೂಗೋಳದ ಪಾಠವನ್ನು ಪುಟ್ಟ ತಮ್ಮ, ತಂಗಿಯರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಐದು ನಿಮಿಷ ತಲೆಗೊಂದು ಟೊಪ್ಪಿ ಹಾಕಿ ಹೊರಗೆ ನಿಂತು ನೋಡಿ ಒಳಗೆ ಓಡಿಬಂದರಾಯಿತು.

ಮಾವಿಗೆ ಎಷ್ಟು ಹೆಸರು?

ಹನ್ನೊಂದರಿಂದ ಮೂರೂವರೆಯವರೆಗೆ ಮನೆಯೊಳಗೇ ಇರಬೇಕು. ಈ ಹೊತ್ತಿನ ಹಾಡಿಗೆ ಅಡುಗೆಮನೆಯೇ ಶಾಲೆ. ಬೇಸಗೆಯೆಂದರೆ ಕರಾವಳಿಯಲ್ಲಿ ಹಣ್ಣುಗಳ ಸುಗ್ಗಿ. ಮಾವು, ಹಲಸು, ಗೇರುಹಣ್ಣು, ಪುನರ್ಪುಳಿ, ನೇರಳೆ. ಒಂದು ತಟ್ಟೆಯಲ್ಲಿ ಮೂರು ಹಣ್ಣಿಟ್ಟು ಮಗುವಿನ ಕಣ್ಣು ಕಟ್ಟಿ ಮೂಸಿ ನೋಡಲು ಹೇಳಿ. ಹೆಸರು ಹೇಳಿದ ಹಣ್ಣಿಗೆ ಒಂದು ಚಪ್ಪಾಳೆ. ಮಾ-ವಿ-ನ-ಹ-ಣ್ಣು ಎಂದು ಅಕ್ಷರಕ್ಕೊಂದರಂತೆ ಚಪ್ಪಾಳೆ ತಟ್ಟಿದರೆ ಅದೇ ತಾಳ. ಯಾವ ಹಣ್ಣಿಗೆ ಹೆಚ್ಚು ಚಪ್ಪಾಳೆ, ಯಾವುದಕ್ಕೆ ಕಡಿಮೆ ಎಂದು ಎಣಿಸಿದರೆ ಲೆಕ್ಕವೂ ಆಯಿತು. ಮುಂದೆ ಅಕ್ಷರ ಕಲಿಯುವ ಮಗುವಿಗೆ ಪದವನ್ನು ಹೀಗೆ ಒಡೆದು ಕೇಳುವ ಕಿವಿ ಬಹಳ ಉಪಕಾರಿ.

ಈ ಊರಿನ ಮಕ್ಕಳ ಭಾಗ್ಯವೆಂದರೆ ಒಂದೇ ಹಣ್ಣಿಗೆ ಹಲವು ಹೆಸರು. ಕನ್ನಡದ ಮಾವು ತುಳುವಿನಲ್ಲಿ ಕುಕ್ಕು, ಕೊಂಕಣಿಯಲ್ಲಿ ಆಂಬೊ. ಪಕ್ಕದ ಮನೆಯ ಗೆಳೆಯ ಬ್ಯಾರಿ ಭಾಷೆಯಲ್ಲಿ ಇನ್ನೊಂದು ಹೆಸರು ಹೇಳಿಕೊಟ್ಟಾನು. ಇವನ್ನೆಲ್ಲ ಒಂದೇ ರಾಗಕ್ಕೆ ಕೂಡಿಸಿ ಮನೆಯಲ್ಲಿಯೇ ಒಂದು ಹಣ್ಣಿನ ಹಾಡು ಕಟ್ಟಬಹುದು. ಪ್ರಾಸ ಕೂಡದಿದ್ದರೂ ಚಿಂತೆಯಿಲ್ಲ, ಮಗು ಅದನ್ನು ಕೂಡಿಸಿಕೊಳ್ಳುತ್ತದೆ.

ಇನ್ನು ಬಿಸಿಲಿಗೆ ಒಣಗಿಸುವ ಕೆಲಸಗಳು. ಮಾವಿನ ರಸವನ್ನು ಚಾಪೆಯ ಮೇಲೆ ತೆಳ್ಳಗೆ ಹರಡಿ, ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಪದರ ಎರೆದು ದಿನಗಟ್ಟಲೆ ಮಾಡುವ ಮಾಂಬಳ, ಹಲಸಿನ ಸೊಳೆ ಬೇಯಿಸಿ ಗುದ್ದಿ ತಟ್ಟುವ ಹಪ್ಪಳ ಇವು ಹಿಂದೆ ಇಡೀ ಮನೆಯ ಕೆಲಸಗಳಾಗಿದ್ದವು. ಹಿಟ್ಟಿನ ಉಂಡೆ ಕಟ್ಟುವುದು ಮತ್ತು ಕಾಗೆ ಓಡಿಸುವುದು ಸಣ್ಣವರ ಪಾಲಿಗೆ. ಈಗ ಅಷ್ಟು ದೊಡ್ಡ ಸಂಭ್ರಮ ಎಲ್ಲ ಮನೆಗಳಲ್ಲಿ ಸಾಧ್ಯವಿಲ್ಲ. ಆದರೂ ಬಾಲ್ಕನಿಯ ಒಂದು ತಟ್ಟೆಯಲ್ಲಿ ಅಂಗೈಯಗಲದ ಮಾಂಬಳ ಎರೆಯಲು ಯಾರ ಅಡ್ಡಿ? ಉಂಡೆ ಕಟ್ಟುವಾಗ, ತಟ್ಟುವಾಗ ಕೈಯ ಲಯಕ್ಕೆ ಹಾಡು ತಾನಾಗಿ ಹೊಂದಿಕೊಳ್ಳುತ್ತದೆ. ಊಟದ ನಂತರ ಒಂದು ಜೋಗುಳ, ಆಮೇಲೆ ನಿದ್ದೆ.

ಸಂಜೆ ಗಾಳಿಯ ಜೊತೆ

ಮಧ್ಯಾಹ್ನ ಕಳೆಯುತ್ತಿದ್ದಂತೆ ಪಡುವಣದಿಂದ ಗಾಳಿ ಬೀಸತೊಡಗುತ್ತದೆ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗ ತುಂಬಲು ಕಡಲ ಮೇಲಿನ ತಂಪು ಗಾಳಿ ಒಳಗೆ ನುಗ್ಗುತ್ತದೆ. ರಾತ್ರಿ ಇದರ ತಿರುವುಮುರುವು. ನಾಲ್ಕು ವರ್ಷದ ಮಗುವಿಗೆ ಇಷ್ಟೆಲ್ಲ ಹೇಳಬೇಕಿಲ್ಲ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬಾಲ್ಕನಿಯಲ್ಲಿ ಒಂದು ರಿಬ್ಬನ್ ಕಟ್ಟಿ ಅದು ಯಾವ ಕಡೆ ಹಾರುತ್ತದೆಂದು ನೋಡಿದರೆ ಸಾಕು.

ದಿಕ್ಕುಗಳ ಆಟಕ್ಕೆ ಇದೇ ಹೊತ್ತು. ಮೂಡು, ಪಡು, ಬಡಗು, ತೆಂಕು ಎಂಬ ಹಳೆಯ ಮಾತುಗಳು ಈ ಕರಾವಳಿಯ ಊರುಗಳ ಹೆಸರಿನಲ್ಲಿ ಇಂದಿಗೂ ಜೀವಂತವಾಗಿವೆ. ಮೂಡಬಿದಿರೆ ಮೂಡಣಕ್ಕೆ, ಪಡುಬಿದಿರೆ ಪಡುವಣ ಕಡಲ ತೀರದಲ್ಲಿ. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು. ಒಬ್ಬರು ದಿಕ್ಕಿನ ಹೆಸರು ಹಾಡಿದ ಕೂಡಲೇ ಮಕ್ಕಳು ಅತ್ತ ತಿರುಗಿ ಕುಪ್ಪಳಿಸಬೇಕು. ತಪ್ಪಿದವರು ಹಾಡುವವರಾಗಬೇಕು. ಇಷ್ಟು ಆಡಿದ ಮಗುವಿಗೆ 'ತೆಂಕಣ ಗಾಳಿ' ಎಂದರೇನೆಂದು ವಿವರಿಸಬೇಕಿಲ್ಲ. ಪಂಜೆಯವರ ಗಾಳಿ ಸಂಜೆಯ ಸೌಮ್ಯ ಗಾಳಿಯಲ್ಲ, ಅಬ್ಬರದ್ದು. ಆದ್ದರಿಂದ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಕೊನೆಗೆ ಮತ್ತೆ ಮೆಲ್ಲಗೆ ಹಾಡಿಸಿ. ದನಿಯ ಏರಿಳಿತ ಕಲಿಯುವ ದಾರಿ ಇದು.

ತೆಂಗಿನ ಗರಿಯೊಂದು ಸಿಕ್ಕಿದರೆ ಗಾಳಿಗೊಂದು ವಾದ್ಯವೂ ಸಿದ್ಧ. ಗರಿಯ ಕಡ್ಡಿ ತೆಗೆದು, ಎಲೆಯನ್ನು ತುದಿಯಿಂದ ಓರೆಯಾಗಿ ಸುತ್ತುತ್ತ ಬಂದರೆ ಕೊಳವೆಯಾಗುತ್ತದೆ. ಬಿಚ್ಚಿಕೊಳ್ಳದಂತೆ ಕಡ್ಡಿಯ ಚೂರು ಚುಚ್ಚಿ, ಸಪೂರದ ಬಾಯನ್ನು ಒತ್ತಿ ಊದಿದರೆ ಪೀಪಿ. ಅದೇ ಎಲೆಯಲ್ಲಿ ಗಿರಿಗಿಟ್ಲೆ, ಕೈಗಡಿಯಾರ, ಹಾವು ಎಲ್ಲವನ್ನೂ ಮಾಡುವ ಅಜ್ಜಂದಿರು ಇನ್ನೂ ಇದ್ದಾರೆ. ಅವರನ್ನು ಮೊಮ್ಮಕ್ಕಳ ಬಳಿ ಕೂರಿಸುವುದು ಮನೆಯವರ ಕೆಲಸ.

ಗೆರಟೆಯೂ ವಾದ್ಯವೇ

ಬಂಟ್ವಾಳ ತಾಲೂಕಿನ ಮಂಚಿಯವರಾದ ಬಿ.ವಿ. ಕಾರಂತರು (1929–2002) ರಂಗಸಂಗೀತದಲ್ಲಿ ಮಾಡಿದ ಪ್ರಯೋಗಗಳು ದೇಶಕ್ಕೆಲ್ಲ ಗೊತ್ತು. ಸಂಗೀತಕ್ಕೆ ಅಂಗಡಿಯ ವಾದ್ಯವೇ ಬೇಕೆಂಬ ಹಟ ಅವರಿಗಿರಲಿಲ್ಲ. ಕೈಗೆ ಸಿಕ್ಕ ದಿನಬಳಕೆಯ ವಸ್ತುಗಳಿಂದಲೂ ಅವರು ನಾದ ಹೊರಡಿಸಿದರು. ಮಕ್ಕಳ ನಾಟಕಗಳನ್ನು ಮನಸ್ಸಿಟ್ಟು ಕಟ್ಟಿದರು. ಅವರು ಮೊದಲ ನಿರ್ದೇಶಕರಾಗಿದ್ದ ಮೈಸೂರಿನ ರಂಗಾಯಣ ಬೇಸಗೆಯಲ್ಲಿ ಮಕ್ಕಳಿಗಾಗಿ ನಡೆಸುವ 'ಚಿಣ್ಣರ ಮೇಳ' ನಾಡಿನಲ್ಲೆಲ್ಲ ಹೆಸರಾಗಿದೆ.

ಅದೇ ಹಾದಿಯಲ್ಲಿ ಮನೆಯಲ್ಲೊಂದು ಮೇಳ ಕಟ್ಟಬಹುದು. ಎರಡು ಗೆರಟೆಗಳನ್ನು ಒಂದಕ್ಕೊಂದು ಬಡಿದರೆ ಕುದುರೆಯ ನಡೆ. ಬಾಟಲಿಯೊಳಗೆ ಹಿಡಿ ಅಕ್ಕಿ ಹಾಕಿ ಮುಚ್ಚಳ ಬಿಗಿದು ಅಲ್ಲಾಡಿಸಿದರೆ ಮಳೆ. ಬೇರೆ ಬೇರೆ ಎತ್ತರಕ್ಕೆ ನೀರು ತುಂಬಿದ ಸ್ಟೀಲ್ ಲೋಟಗಳನ್ನು ಚಮಚದಿಂದ ತಟ್ಟಿದರೆ ಸ್ವರಗಳು. ಹಳೆಯ ಡಬ್ಬವೇ ಚೆಂಡೆ. ಇವನ್ನು ಮಕ್ಕಳ ಕೈಗೆ ಕೊಟ್ಟು, ಬೆಳಗಿನಿಂದ ರಾತ್ರಿಯವರೆಗಿನ ಬೇಸಗೆಯ ದಿನವೊಂದನ್ನು ಸದ್ದಿನಲ್ಲೇ ಕಥೆಯಾಗಿ ಹೇಳಿಸಿ. ಕಾಗೆ, ಐಸ್‌ಕ್ಯಾಂಡಿಯವನ ಗಂಟೆ, ಫ್ಯಾನು, ಕರೆಂಟ್ ಹೋದಾಗಿನ ಮೌನ, ಕೊನೆಗೆ ದೂರದ ಗುಡುಗು. ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ಓಣಿಯ ಐದಾರು ಪುಟಾಣಿಗಳನ್ನು ಸೇರಿಸಿಕೊಂಡು ಇದನ್ನು ನಡೆಸಿದರೆ ಅವರಿಗೂ ರಜೆ ಸಾರ್ಥಕ.

ಪತ್ತನಾಜೆಯವರೆಗೆ ಚೆಂಡೆ

ತುಳುನಾಡಿನ ಬೇಸಗೆಯ ರಾತ್ರಿಗಳಿಗೆ ತನ್ನದೇ ಸಂಗೀತವಿದೆ. ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಪತ್ತನಾಜೆಯವರೆಗೆ ಊರೂರು ಸುತ್ತುತ್ತವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವೇ ಪತ್ತನಾಜೆ, ಮೇ 24–25ರ ಸುಮಾರಿಗೆ ಬರುತ್ತದೆ. ಅಂದಿಗೆ ಗೆಜ್ಜೆ ಬಿಚ್ಚಿಟ್ಟರೆ ಮತ್ತೆ ಕಟ್ಟುವುದು ಮಳೆಗಾಲ ಕಳೆದ ಮೇಲೆ. ಹಾಗಾಗಿ ಶಾಲೆಯ ರಜೆಗೂ ಆಟಕ್ಕೂ ಸಿಗುವುದು ಕೆಲವೇ ವಾರಗಳ ಕೂಟ.

ಮಗು ರಾತ್ರಿಯಿಡೀ ಕೂರಬೇಕಾಗಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕಾಲಮಿತಿಯ ಆಟಗಳು ಹೆಚ್ಚಾಗಿವೆ, ಸಂಜೆಯೇ ಆರಂಭವಾಗುತ್ತವೆ. ಪೂರ್ವರಂಗದಲ್ಲಿ ಬರುವ ಬಾಲಗೋಪಾಲರ ಕುಣಿತ ಪುಟಾಣಿಗಳಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಕುಣಿಯುವವರು ಆಗಷ್ಟೇ ಕಲಿಯುತ್ತಿರುವ ಎಳೆಯರೇ. ಭಾಗವತರ ಜಾಗಟೆ, ಮದ್ದಳೆ, ಚೆಂಡೆ ಇವುಗಳಲ್ಲಿ ಯಾವುದು ಯಾವಾಗ ಸದ್ದು ಮಾಡಿತೆಂದು ಗುರುತಿಸುವುದೇ ಒಂದು ಆಟ. ಮರುದಿನ ಬೆಳಗ್ಗೆ ಮನೆಯ ಡಬ್ಬದ ಮೇಲೆ ಆ ನಡೆ ಮರುಕಳಿಸುತ್ತದೆ. ಚೆಂಡೆಯ ಸದ್ದು ಎಳೆಯ ಕಿವಿಗಳಿಗೆ ಜೋರು, ಧ್ವನಿವರ್ಧಕದಿಂದ ದೂರವೇ ಕೂರಬೇಕು ಎಂಬುದನ್ನು ಮರೆಯಬಾರದು.

ಕಲಿಸುವ ಬಗೆ

"ನಮಗೆ ಹಾಡಲು ಬರುವುದಿಲ್ಲ" ಎನ್ನುವ ತಂದೆತಾಯಿಯರೇ ಹೆಚ್ಚು. ಮಗುವಿಗೆ ಬೇಕಾದದ್ದು ಗಾಯಕರಲ್ಲ, ಪರಿಚಿತ ದನಿ. ಕೆಲವು ಸಣ್ಣ ಸೂತ್ರಗಳು ಸಾಕು. ವಾರಕ್ಕೆ ಒಂದೇ ಹಾಡು ಇರಲಿ. ಮೊದಲ ಮೂರು ದಿನ ಮಗುವಿನಿಂದ ಏನನ್ನೂ ಒಪ್ಪಿಸಬೇಡಿ, ನೀವೇ ಹಾಡಿ. ನಾಲ್ಕನೆಯ ದಿನ ಪ್ರತಿ ಸಾಲಿನ ಕೊನೆಯ ಪದ ಬಿಟ್ಟುಬಿಡಿ, ಅದನ್ನು ಮಗು ತುಂಬುತ್ತದೆ. ಮಕ್ಕಳ ಕಂಠ ಸಣ್ಣದು. ತಂದೆಯ ತಗ್ಗಿನ ದನಿಗೆ ಅದು ಇಳಿಯಲಾರದು. ಸ್ವಲ್ಪ ಏರಿಸಿಯೇ ಹಾಡಿ. ನಿಧಾನವಾಗಿ ಹಾಡಿ. ಮಗು ಪದ ತಪ್ಪಿದರೆ ನಗಬೇಡಿ, ನೆಂಟರೆದುರು ಹಾಡೆಂದು ಒತ್ತಾಯಿಸಲೂ ಬೇಡಿ.

ಮುಖ್ಯವಾದ ಮಾತೊಂದು ಉಳಿದಿದೆ. 2011ರ ಜನಗಣತಿಯಲ್ಲಿ ತುಳು ತಮ್ಮ ತಾಯ್ನುಡಿ ಎಂದವರು ಹದಿನೆಂಟು ಲಕ್ಷಕ್ಕೂ ಹೆಚ್ಚು. ಸಂಖ್ಯೆ ಸಣ್ಣದಲ್ಲ. ಆದರೆ ಮಗುವನ್ನು ಆಡಿಸುವ, ಮಲಗಿಸುವ, ಉಣ್ಣಿಸುವ ಹಾಡುಗಳಲ್ಲಿ ಬಹಳಷ್ಟು ಯಾವ ಪುಸ್ತಕದಲ್ಲಿಯೂ ಇಲ್ಲ. ಅವು ಇರುವುದು ಅಜ್ಜಿಯರ ನಾಲಗೆಯ ಮೇಲೆ. ತುಳುವಿರಲಿ, ಕೊಂಕಣಿಯಿರಲಿ, ಬ್ಯಾರಿಯಿರಲಿ, ಹವ್ಯಕ ಕನ್ನಡವಿರಲಿ, ಒಂದು ಮನೆಯಲ್ಲಿ ಒಂದು ತಲೆಮಾರು ಹಾಡದೆ ಹೋದರೆ ಮುಂದಿನದಕ್ಕೆ ಅದು ಸಿಗುವುದಿಲ್ಲ. ಈ ರಜೆಯಲ್ಲಿ ಅಜ್ಜಿ ಮನೆಗೆ ಹೋಗುವ ವಿದ್ಯಾರ್ಥಿಗಳು ನೂರು ಪುಟದ ಒಂದು ನೋಟ್‌ಬುಕ್ ಒಯ್ಯಲಿ. ಅಜ್ಜಿ ಹಾಡಿದ್ದನ್ನು ಹಾಡಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲಿ. ಯಾವಾಗ ಹಾಡುತ್ತಿದ್ದರು, ಯಾರಿಂದ ಕಲಿತರು ಎಂಬುದನ್ನೂ ಪಕ್ಕದಲ್ಲಿ ಗುರುತಿಸಲಿ. ಮೊಬೈಲಿಗೆ ನಿಜವಾದ ಕೆಲಸ ಕೊಡುವುದಿದ್ದರೆ ಇಲ್ಲಿ ಕೊಡಬಹುದು, ಆ ದನಿಯನ್ನು ಅದರಲ್ಲಿ ಹಿಡಿದಿಡಬಹುದು.

ಎಚ್ಚರವಿರಲಿ

ಮಕ್ಕಳಿಗೆ ಬಾಯಾರಿಕೆ ಆಗುವ ಮೊದಲೇ ಆಗಾಗ ನೀರು, ಮಜ್ಜಿಗೆ, ಪುನರ್ಪುಳಿ ಪಾನಕ ಕೊಡಿ. ಸಡಿಲವಾದ ಹತ್ತಿ ಬಟ್ಟೆ ಹಾಕಿ. ಗಿಲಕಿಗೆ, ಎಣಿಕೆಗೆ ಗುಲಗಂಜಿ ಬಳಸಲೇಬೇಡಿ, ಅದರ ಬೀಜ ವಿಷ. ಮಂಜೊಟ್ಟಿ, ಹುಣಸೆಬೀಜದಂಥ ಸಣ್ಣ ಬೀಜಗಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಸಣ್ಣ ಮಕ್ಕಳ ಕೈಗೆ ಕೊಡಬೇಡಿ. ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರದ ತೀರಗಳಲ್ಲಿ ಮರಳಿನಲ್ಲಿ ಆಡಿಸಿ. ನೀರಿಗಿಳಿದರೆ ಕೈ ಹಿಡಿದೇ ಇರಿ. ಮೇ ಮಧ್ಯ ದಾಟಿದ ಮೇಲೆ ಕಡಲು ಒರಟಾಗುತ್ತದೆ, ಆಗ ದಡದಿಂದಲೇ ಅಲೆಯ ಸದ್ದು ಕೇಳಿದರೆ ಸಾಕು.

ಜೂನ್ ಮೊದಲ ವಾರ ಮಳೆ ಕರಾವಳಿಯನ್ನು ಮುಟ್ಟುತ್ತದೆ, ಶಾಲೆಗಳು ತೆರೆಯುತ್ತವೆ. ವಾರಕ್ಕೊಂದರಂತೆ ಕಲಿತರೂ ಅಷ್ಟರಲ್ಲಿ ಆರೇಳು ಹಾಡುಗಳು ಮಗುವಿನವಾಗಿರುತ್ತವೆ. ಅಂಗನವಾಡಿಗೋ ಎಲ್‌ಕೆಜಿಗೋ ಮೊದಲ ಸಲ ಕಾಲಿಡುವ ಪುಟಾಣಿಗೆ ಹೊಸ ಚೀಲ, ಹೊಸ ಕೊಡೆಯ ಜೊತೆಗೆ ಅಷ್ಟು ಬಂಡವಾಳವಿದ್ದರೆ ಅಳು ಬೇಗ ನಿಂತೀತು.